ಬಾಸಿಂಗ ಮತ್ತು ಕಾಗದದ ಹೂಗೆಲಸ

ಬಾಸಿಂಗವು ವಿವಾಹಕಾಲದಲ್ಲಿ ವಧೂವರರ ಹಣೆಗೂ ಕಲ್ಯಾಣೋತ್ಸವಗಳಲ್ಲಿ ಉತ್ಸವಮೂರ್ತಿಗಳಿಗೂ ಕಟ್ಟುವ ಮಂಗಳಾಭರಣ. ಕರ್ನಾಟಕದಲ್ಲಿ ಕಾಗದದ ಹೂವು ಹೇಳಿ ಮಾಡಿಸುವ ಕರಕೌಶಲವಾಗಿ ಬೆಳೆದುದು ಬಹುಮಟ್ಟಿಗೆ ಇದರ ಆಶ್ರಯದಲ್ಲಿ. ತುಂಗಭದ್ರೆಯ ದಡದ ಹರಿಹರ, ಅದರ ನೆರೆಯ ದಾವಣಗೆರೆಗಳನ್ನೊಳಗೊಂಡ ಮಧ್ಯ ಕರ್ನಾಟಕದಲ್ಲಿ ಬಾಸಿಂಗವಿಲ್ಲದ ಮದುವೆ ಇಂದಿಗೂ ಅಪೂರ್ವ.

ಇತಿಹಾಸ: ಹಳಗನ್ನಡ ಕಾವ್ಯಗಳಲ್ಲಿ ಬರುವ ಬಾಸಿಗವು ಹಸಿ ಹೂವಿನ ಮಾಲೆ. ಕಾಲಕ್ರಮದಲ್ಲಿ ಜೌಗುನೆಲದ ಬೆಂಡಿನ ಗಿಡದ ಬಿಳಿಯ ತಿರುಳು, ಬೇಗಡೆ, ಮಣಿ, ಬಣ್ಣದ ಕಾಗದಗಳು ಅದಕ್ಕೆ ಬಂದು ಸೇರಿದವು. ಬಂಗಾಳದ ವರನು ತಲೆಗೆ ಧರಿಸುವ ತೋಪೋರವೂ ಇಂಥ ತಿರುಳಿನದೇ. ಹತ್ತೊಂಬತ್ತನೆಯ ಶತಮಾನದ ಅಂತ್ಯದ ವೇಳೆಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲುಮಾರ್ಗವು ತಲಪಿ, ಮುಂದೆ ದಾವಣಗೆರೆಯು ಹತ್ತಿಯ ಪೇಟೆಯಾಗಿಯೂ ಗಿರಣಿಗಳ ಊರಾಗಿಯೂ ಬೆಳೆದಂತೆ, ದೂರದೂರಿನ ಸರಕೆಲ್ಲ ಇಲ್ಲಿಯ ಅಂಗಡಿಗಳಿಗೆ ಸುಲಭವಾಗಿ ಬರತೊಡಗಿತು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯಂತೂ ನೆರೆಯ ಭದ್ರಾವತಿಯಲ್ಲೇ ಇದ್ದಿತು.

ರಚನೆ: ರಟ್ಟು ಅಥವಾ ಬೆಂಡಿನ ಚೌಕಟ್ಟಿಗೆ ಬೇಗಡೆಯನ್ನು ಹೊದಿಸಿ, ಅದರ ಮೇಲೆ ಹೂಗಳನ್ನು ಅಂಟಿಸುವರು. ಸುಕ್ಕುಳ್ಳ ಕ್ರೇಪ್ ಕಾಗದವನ್ನು, ಸುಕ್ಕು ಎಸಳಿನ ಉದ್ದಕ್ಕೆ ಬರುವಂತೆ ಕತ್ತರಿಸಿ, ನಡುಭಾಗವನ್ನು ಎರಡೂ ಹೆಬ್ಬೆರಳುಗಳಿಂದ ಅಡ್ಡಲಾಗಿ ಹಿಗ್ಗಿಸಿದರೆ ಎಸಳು ಬಟ್ಟಲಿನಂತೆ ಕುಳಿಯಾಗುವುದು. ಅಂಚನ್ನು ಕಡ್ಡಿಗೆ ಸುತ್ತಿ ಬಿಟ್ಟರೆ ಹೊರಕ್ಕೆ ಹೊರಳುವುದು. ಸುಕ್ಕನ್ನು ಅಡ್ಡಲಾಗಿ ಹಿಡಿದು ಕತ್ತರಿಸಿದ ಎಸಳಿಗೆ ಈ ತುಂಬು ಬಾರದು.

ಹೇಳಿ ಮಾಡಿಸುವ ಕ್ರಮ: ಈ ಕಸುಬಿನಲ್ಲಿ ತಲೆತಲಾಂತರದಿಂದ ಹೆಸರಾದವರು ಚಿತ್ರಗಾರ ಮನೆತನದವರು. ಲಗ್ನ ಗೊತ್ತಾದೊಡನೆ ಮದುವೆಯ ಮನೆಯವರು ಹೋಗಿ, ತಮ್ಮ ಕುಲಾಚಾರಕ್ಕೆ ಒಪ್ಪುವ ಆಕಾರ, ಬಣ್ಣ, ಕುಚ್ಚುಗಳನ್ನು ತಿಳಿಸಿ ಬರುವರು. ಕಾರ್ಯ ಮುಗಿದ ಬಳಿಕವೂ ಬಾಸಿಂಗವನ್ನು ಎಸೆಯದೆ ಕಂಬಕ್ಕೋ ತೊಲೆಗೋ ಕಟ್ಟಿಡುವ ರೂಢಿ ಹಲವು ಮನೆಗಳಲ್ಲುಂಟು.

ಇಂದಿನ ಸ್ಥಿತಿ: ಪ್ಲಾಸ್ಟಿಕ್ ಹೂವು, ಥರ್ಮಕೋಲು, ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಬಾಸಿಂಗಗಳು ಕೈಗೆಲಸದ ಗಿರಾಕಿಗಳನ್ನು ಕುಗ್ಗಿಸಿವೆ, ಆದರೆ ಸೀಮಂತ, ನಾಮಕರಣ, ಹುಟ್ಟುಹಬ್ಬಗಳ ವೇದಿಕೆಗೆ ದೊಡ್ಡ ಕಾಗದದ ಹೂಗಳನ್ನು ಮಾಡಿಸುವ ಹೊಸ ಅಭಿರುಚಿಯೂ ನಗರಗಳಲ್ಲಿ ಹುಟ್ಟಿದೆ. ಹಣೆಯ ಅಳತೆಗೂ ಮನೆತನದ ಪದ್ಧತಿಗೂ ಹೊಂದಬೇಕಾದ ಬಾಸಿಂಗವನ್ನು ಮಾತ್ರ ಈಗಲೂ ಬಲ್ಲವರ ಕೈಯಲ್ಲೇ ಮಾಡಿಸಬೇಕು.