ಅಗಲ ಪರದೆಯ ಹಿಂದಿನ ಕಥೆ

ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಅನುವಾದ ಮಾಡುವಾಗ ಒಮ್ಮೆ ಒಂದು ಪ್ಯಾರಾನೇ ಬಿಟ್ಟುಹೋಗಿ ಮರ್ಯಾದೆ ಹೋಗಿತ್ತು. ಈಗ ಅದಕ್ಕೆ ಅಲ್ಟ್ರಾವೈಡ್ ಮಾನಿಟರ್ ಸಿಕ್ಕಿಸಿದೀನಿ.. ಎಡಕ್ಕೆ ಮೂಲ, ಬಲಕ್ಕೆ ಕನ್ನಡ. ಆದ್ರೆ ಈ ಅಗಲ ಹುಟ್ಟಿದ್ದು ನಮ್ಮಂಥ ಗುಮಾಸ್ತರಿಗಾಗಿ ಅಲ್ಲ ನೋಡಿ!

ಎಡಿಸನ್ ಪ್ರಯೋಗಾಲಯದ ಡಿಕ್ಸನ್ 1890ರ ದಶಕದ ಆರಂಭದಲ್ಲಿ ಫಿಲ್ಮಿಗೆ ಕೊಟ್ಟ 4:3 ಆಕಾರವನ್ನೇ ಟಿವಿಯೂ, ಆಮೇಲೆ ಕಂಪ್ಯೂಟರೂ ಹಿಡಿದವು. ಟಿವಿ ಬಂದು ಜನ ಮನೆಯಲ್ಲೇ ಕೂತಾಗ ಹಾಲಿವುಡ್ಡಿಗೆ ಗಾಬರಿ. ಫ್ರಾನ್ಸಿನ ಆನ್ರಿ ಕ್ರೆತಿಯಾಂ 1920ರ ದಶಕದಲ್ಲೇ ಮಾಡಿಟ್ಟಿದ್ದ ಮಸೂರ ಆಗ ನೆನಪಾಯ್ತು: ಚಿತ್ರವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿಗಿಳಿಸೋದು, ಪರದೆ ಮೇಲೆ ಮತ್ತೆ ಹಿಗ್ಗಿಸೋದು. 1953ರಲ್ಲಿ 'ದಿ ರೋಬ್' ಜೊತೆ ಸಿನಿಮಾಸ್ಕೋಪ್ ಬಂತು.

ನನ್ನ ಮಾನಿಟರಿನ 2560×1080 ಅಂದ್ರೆ ಸುಮಾರು 2.37:1, ಸ್ಕೋಪ್ ಸಿನಿಮಾದ 2.39ರ ಪಕ್ಕದಮನೆ. ಒಂದೇ ಕಡತವನ್ನ ಪೂರ್ತಿ ಹರಡಿದ್ರೆ ಮಾತ್ರ ಸಾಲು ಮುಗಿಯೋಷ್ಟರಲ್ಲಿ ಕತ್ತು ನೋವು :)