ನಪಾಸಾದವರ ಚರಿತ್ರೆ

ಫಲಿತಾಂಶದ ದಿನ ನಿಮ್ಮ ಮನೆ ಹೇಗಿತ್ತೆಂದು ಒಮ್ಮೆ ನೆನಪಿಸಿಕೊಳ್ಳಿ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ನನಗೆ ಭೌತಶಾಸ್ತ್ರದ ಒಂದು ಪತ್ರಿಕೆ ಉಳಿದುಕೊಂಡಿತು. ಅಪ್ಪ ಏನೂ ಬೈಯಲಿಲ್ಲ. ಆದರೆ ಎರಡು ದಿನ ನನ್ನೊಡನೆ ಊಟಕ್ಕೆ ಕೂರಲಿಲ್ಲ. ಆ ಒಂದು ಪತ್ರಿಕೆಯನ್ನಷ್ಟೇ ಮತ್ತೆ ಬರೆದು ನಾನು ಪಾರಾದೆ. ಪರೀಕ್ಷೆಗಳನ್ನು ಕುರಿತ ಚರ್ಚಾ ಕಾರ್ಯಕ್ರಮಕ್ಕೆ ಸಿದ್ಧತೆ ನಡೆಸುವಾಗ ನನಗೆ ಹೊಳೆದದ್ದು ಇದು: ಅಂಥ ಅನುಕೂಲವೂ ಒಂದು ನಿಯಮ, ಅದಕ್ಕೂ ಒಂದು ಚರಿತ್ರೆ ಇದೆ.

1857ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸು ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಅವುಗಳಿಗೆ ಮಾದರಿ ಲಂಡನ್ ವಿಶ್ವವಿದ್ಯಾನಿಲಯ. ಅವು ಮೊದಲಿಗೆ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪಾಠ ಕಾಲೇಜುಗಳ ಕೆಲಸ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ಹೀಗೆ ನಮ್ಮಲ್ಲಿ ಉನ್ನತ ಶಿಕ್ಷಣ ಹುಟ್ಟಿದ್ದೇ ಪರೀಕ್ಷೆಯ ರೂಪದಲ್ಲಿ.

ಮರುವರ್ಷ, ಅಂದರೆ 1858ರಲ್ಲಿ, ಕಲ್ಕತ್ತದಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆಯಿತು. ಪದವಿ ಪಡೆದವರು ಇಬ್ಬರೇ: ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸ್. ಅವರೂ ನಿಯಮದ ಪ್ರಕಾರ ತೇರ್ಗಡೆಯಾಗಿರಲಿಲ್ಲ! ಆರು ವಿಷಯಗಳಲ್ಲಿ ಐದನ್ನು ಗೆದ್ದು, ಆರನೆಯದರಲ್ಲಿ ಏಳರೊಳಗಿನ ಕೆಲವೇ ಅಂಕಗಳಿಗೆ ಎಡವಿದ್ದರು. ವಿಶ್ವವಿದ್ಯಾನಿಲಯ ವಿಶೇಷ ಕೃಪೆ ತೋರಿ ಅವರಿಗೆ ಎರಡನೆಯ ದರ್ಜೆಯಲ್ಲಿ ಪದವಿ ಕೊಟ್ಟಿತು. 'ವಂದೇ ಮಾತರಂ' ಬರೆದ ಬಂಕಿಮರು ಕೃಪಾಂಕದ ಪದವೀಧರರೆಂದರೆ ನಂಬುತ್ತೀರಾ?

ಆ ಕೃಪೆ ಎಲ್ಲರಿಗೂ ಸಿಗಲಿಲ್ಲ. ಎಫ್.ಎ. ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಎಷ್ಟೇ ಮುಂದಿದ್ದರೂ ಉಳಿದವುಗಳಲ್ಲಿ ಕನಿಷ್ಠ ಅಂಕ ಬಾರದಿದ್ದರೆ ನಪಾಸು. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು ಕುಳಿತ ಶ್ರೀನಿವಾಸ ರಾಮಾನುಜನ್ ವಿದ್ಯಾರ್ಥಿವೇತನ ಕಳೆದುಕೊಂಡರು. ಆಮೇಲೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು. 1906ರಲ್ಲಿ ಎಫ್.ಎ. ನಪಾಸು, 1907ರಲ್ಲಿ ಮತ್ತೆ ಬರೆದರು, ಮತ್ತೆ ನಪಾಸು. ಮುಂದಿನ ಕೆಲವು ವರ್ಷಗಳನ್ನು ಅವರು ಬಡತನದಲ್ಲಿ ಕಳೆದರು. ಕೊನೆಗೆ 1913ರಲ್ಲಿ ಅದೇ ಮದರಾಸು ವಿಶ್ವವಿದ್ಯಾನಿಲಯ, ಪದವಿಯೇ ಇಲ್ಲದ ಆ ಗುಮಾಸ್ತನಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. 1918ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು.

ಇಲ್ಲೊಂದು ಮಾತು. ರಾಮಾನುಜನ್ ಕಥೆಯನ್ನು 'ನಪಾಸಾದರೂ ಪರವಾಗಿಲ್ಲ' ಎಂಬ ಸಮಾಧಾನಕ್ಕೆ ಬಳಸುವುದು ಸುಲಭ. ಆದರೆ ಅವರ ಕೈ ಹಿಡಿಯಲು ಬಲ್ಲವರಿದ್ದರು. ಹಾಗೆ ಯಾರೂ ಸಿಗದೆ ಊರಿಗೆ ಮರಳಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇಂದು ನಿಯಮ ಸಡಿಲವಾಗಿದೆ. ಸೆಮಿಸ್ಟರ್ ಪದ್ಧತಿಯಲ್ಲಿ ಉಳಿದ ಪತ್ರಿಕೆಯನ್ನಷ್ಟೇ ಮತ್ತೆ ಬರೆದರೆ ಸಾಕು. ಕರ್ನಾಟಕದಲ್ಲಿ 2023-24ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು; 'ಪೂರಕ' ಎಂಬ ಹಣೆಪಟ್ಟಿಯೂ ಹೋಯಿತು. ಆದರೆ ಬಾಗಿಲು ಈಗ ಬೇರೆಡೆ ಬಿಗಿಯಾಗಿದೆ. ಅಂದು ಪಾಸಾಗುವುದೇ ಕಷ್ಟ. ಇಂದು ಪಾಸಾದರೂ ಸೀಟು ಕಷ್ಟ. ಸಿಇಟಿಯಲ್ಲಿ ಯಾರೂ ನಪಾಸಾಗುವುದಿಲ್ಲ, ರ‍್ಯಾಂಕ್ ಹಿಂದೆ ಬೀಳುತ್ತದೆ ಅಷ್ಟೆ. ಐಐಟಿಗಳ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಗಂತೂ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ.

ಸೀಟು ಕಡಿಮೆ, ಕೇಳುವವರು ಹೆಚ್ಚು ಎಂದಾಗ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ನಿಜ. ಆದರೆ ಗೆರೆ ಎಳೆದವರು ಮನುಷ್ಯರು. ಅದು ಪ್ರಕೃತಿಯ ನಿಯಮವಲ್ಲ. 1858ರಲ್ಲಿ ಅದನ್ನು ಸರಿಸಿದರು, 1913ರಲ್ಲಿ ದಾಟಿಸಿದರು. ಈ ಬಾರಿ ಫಲಿತಾಂಶ ಬಂದಾಗ ನಿಮ್ಮ ಮನೆಯ ಮಗು ಗೆರೆಯ ಆಚೆ ಉಳಿದರೆ, ಇದನ್ನು ನೆನೆಯಿರಿ. ಮೊದಲು ಜೊತೆಗೆ ಊಟಕ್ಕೆ ಕೂರಿ. ಮುಂದಿನ ಪರೀಕ್ಷೆಯ ಮಾತು ಆಮೇಲೆ.