ಹೈಟಿಯ ಸುಂಕದಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ರಫ್ತು ವ್ಯಾಪಾರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, ಕೆರಿಬಿಯನ್ ದ್ವೀಪಗಳಿಗೆ ಸರಕು ಕಳುಹಿಸುವಾಗ ಅಲ್ಲಿನ ಆಮದು ಸುಂಕದ ಲೆಕ್ಕವೇ ದೊಡ್ಡ ತಲೆನೋವೆಂದು ಗೊಣಗಿದನು. ಆ ದ್ವೀಪಗಳಿಗೆ ಸುಂಕ ಏಕೆ ಅಷ್ಟು ಮುಖ್ಯ ಎಂಬುದು ಅವನ ಪ್ರಶ್ನೆ. ಉತ್ತರವು ಹೈಟಿ ದೇಶದ ಚರಿತ್ರೆಯಲ್ಲಿ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗಲಾರದು. ಆದುದರಿಂದ ಅದನ್ನು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕ ದೇಶ, ಬಡ ಜನ. ಆದಾಯ ತೆರಿಗೆ ಹಾಕೋಣವೆಂದರೆ ಆದಾಯವಿಲ್ಲ, ಭೂಕಂದಾಯ ಎತ್ತೋಣವೆಂದರೆ ಗುಡ್ಡಗಾಡಿನ ತುಂಡು ಹೊಲಗಳ ಲೆಕ್ಕ ಇಡುವವರಿಲ್ಲ. ಆದರೆ ಒಳಬರುವ ಬಟ್ಟೆಯೂ ಹೊರಹೋಗುವ ಕಾಫಿಯೂ ಬಂದರನ್ನು ದಾಟಲೇಬೇಕು. ಹೀಗಾಗಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಹೈಟಿಯ ಬೊಕ್ಕಸವೆಂದರೆ ಅದರ ಸುಂಕದಕಟ್ಟೆಯೇ ಆಗಿತ್ತು. ಅದನ್ನು ಹಿಡಿದವನಿಗೆ ದೇಶವನ್ನೇ ಹಿಡಿದಂತೆ.

ಫ್ರಾನ್ಸಿನ ಮಹಾಕ್ರಾಂತಿಯನ್ನು ನನ್ನ ತರಗತಿಯಲ್ಲಿ ಓದಿದವರಿಗೆ ಬಾಸ್ಟೀಲ್ ಸೆರೆಮನೆಯ ಪತನ ನೆನಪಿರಬಹುದು. ಅದಾದ ಎರಡು ವರ್ಷಗಳಿಗೆ, 1791ರ ಆಗಸ್ಟ್ ತಿಂಗಳಲ್ಲಿ, ಫ್ರಾನ್ಸಿನ ಅತ್ಯಂತ ಶ್ರೀಮಂತ ವಸಾಹತಾಗಿದ್ದ ಸಾಂ ದೊಮಾಂಗ್‌ನ ಕಬ್ಬಿನ ತೋಟಗಳಲ್ಲಿ ಗುಲಾಮರು ದಂಗೆಯೆದ್ದರು. ಹದಿಮೂರು ವರ್ಷಗಳ ರಕ್ತಪಾತದ ತರುವಾಯ 1804ರ ಜನವರಿ 1ರಂದು ಅದು ಹೈಟಿ ಎಂಬ ಹೆಸರಿನಿಂದ ಸ್ವತಂತ್ರವಾಯಿತು. ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿದ ಜನ ಅವರು.

ಆದರೆ ಫ್ರಾನ್ಸು ಸುಮ್ಮನಿರಲಿಲ್ಲ. 1825ರ ಏಪ್ರಿಲ್ 17ರಂದು ದೊರೆ ಹತ್ತನೆಯ ಚಾರ್ಲ್ಸ್ ಒಂದು ಆಜ್ಞೆಗೆ ಸಹಿ ಹಾಕಿದನು. ಅದನ್ನು ಹೊತ್ತ ರಾಯಭಾರಿಯ ಬೆನ್ನಿಗೆ ಯುದ್ಧನೌಕೆಗಳೂ ಪೋರ್ಟ್ ಔ ಪ್ರಿನ್ಸ್‌ಗೆ ಬಂದವು. ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಬೇಕಾದರೆ, ತೋಟಗಳನ್ನೂ ಗುಲಾಮರನ್ನೂ ಕಳೆದುಕೊಂಡ ಯಜಮಾನರಿಗೆ ಪರಿಹಾರವಾಗಿ ಐದು ಕಂತುಗಳಲ್ಲಿ 15 ಕೋಟಿ ಫ್ರಾಂಕ್ ಕೊಡಬೇಕು! ಬಿಡುಗಡೆಯಾದವರೇ ಬಂಧಿಸಿದವರಿಗೆ ದಂಡ ತೆರುವ ನ್ಯಾಯವಿದು. ಅಧ್ಯಕ್ಷ ಬ್ವಾಯೆ ಜುಲೈ ತಿಂಗಳಲ್ಲಿ ಒಪ್ಪಿದನು. ಫಿರಂಗಿಗಳ ಎದುರಿನಲ್ಲಿ ಒಪ್ಪದೆ ಗತಿಯಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಈ ಹಣದ ಮೊತ್ತವನ್ನು ಬರೆಯುವವರು ಅನೇಕರು. ಅದೇ ಆಜ್ಞೆಯ ಇನ್ನೊಂದು ಷರತ್ತನ್ನು ಗಮನಿಸುವವರು ಕಡಿಮೆ. ಹೈಟಿಯ ಬಂದರುಗಳಲ್ಲಿ ಎಲ್ಲ ದೇಶಗಳಿಗೂ ಸಮಾನ ಸುಂಕವಿರಬೇಕು, ಫ್ರೆಂಚ್ ಹಡಗುಗಳಿಗೆ ಮಾತ್ರ ಅದರ ಅರ್ಧ. ಇಂಗ್ಲೆಂಡಿನ ಬಟ್ಟೆಗೆ ನೂರು ತೆರಬೇಕಾದಲ್ಲಿ ಫ್ರೆಂಚ್ ಹಡಗಿನ ಬಟ್ಟೆಗೆ ಐವತ್ತು. ಸಾಲ ತೀರಿಸುವ ದಾರಿ ಸುಂಕವೊಂದೇ ಆಗಿರುವಾಗ ಅದನ್ನೇ ಅರ್ಧ ಕತ್ತರಿಸಿದರೆ ಸಾಲಗಾರನು ಸಾಲದಿಂದ ಏಳುವುದು ಹೇಗೆ? ಮೊದಲ ಕಂತಿನ 3 ಕೋಟಿಗಾಗಿ ಹೈಟಿ ಪ್ಯಾರಿಸ್ಸಿನಲ್ಲಿಯೇ 3 ಕೋಟಿ ಸಾಲ ಎತ್ತಿತು. ಕೈಗೆ ಬಂದದ್ದು 2 ಕೋಟಿ 40 ಲಕ್ಷ. ಮುಂಗಡವಾಗಿ ಬಡ್ಡಿ ಮುರಿದುಕೊಂಡು ಸಾಲ ಕೊಡುವ ನಮ್ಮೂರಿನ ಲೇವಾದೇವಿಯವರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. 1838ರಲ್ಲಿ ಉಳಿಕೆಯ 12 ಕೋಟಿಯನ್ನು 6 ಕೋಟಿಗೆ ಇಳಿಸಲಾಯಿತಾದರೂ, ಆ ವೇಳೆಗೆ ಸಾಲ ತೀರಿಸಲು ಸಾಲ ಮಾಡುವ ರೂಢಿ ಬೇರೂರಿತ್ತು.

ಭಾರವನ್ನು ಹೊತ್ತವನು ಕಾಫಿ ಬೆಳೆಯುವ ರೈತ. ರಫ್ತು ಸುಂಕವನ್ನು ಕಟ್ಟುವವನು ಬಂದರಿನ ವರ್ತಕನೆಂಬುದು ಕಾಗದದ ಮೇಲಿನ ಮಾತು. ಅವನು ಅದನ್ನು ಬೆಳೆಗಾರನಿಗೆ ಕೊಡುವ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಮಲೆನಾಡಿನ ನನ್ನ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ರೈತನು ಪರದೇಶದ ಬಟ್ಟೆ ಕೊಂಡಾಗ ಆಮದು ಸುಂಕವೂ ಅವನ ತಲೆಗೇ. ರಫ್ತಿನ ಬೆಳೆ ಕುಗ್ಗಬಾರದೆಂದು 1826ರ ಗ್ರಾಮೀಣ ಸಂಹಿತೆಯು ಅವನನ್ನು ಹೊಲಕ್ಕೇ ಕಟ್ಟಿಹಾಕಲು ಯತ್ನಿಸಿತು. ಗುಲಾಮಗಿರಿ ಕಿತ್ತೊಗೆದ ನಾಡಿನಲ್ಲಿ ಇಂಥ ಕಾನೂನು!

ಇಪ್ಪತ್ತನೆಯ ಶತಮಾನದಲ್ಲಿ ಸುಂಕದಕಟ್ಟೆಯ ಮೇಲೆ ಅಮೆರಿಕ ಬಂದು ಕುಳಿತಿತು. ನೆರೆಯ ಡೊಮಿನಿಕನ್ ಗಣರಾಜ್ಯದಲ್ಲಿ 1905ರಲ್ಲಿಯೇ ಸುಂಕ ವಸೂಲಿಯನ್ನು ಕೈಗೆ ತೆಗೆದುಕೊಂಡು, ಶೇ. 45ನ್ನು ಆ ಸರಕಾರಕ್ಕೆ ಕೊಟ್ಟು ಉಳಿದುದನ್ನು ಸಾಲಗಾರ ದೇಶದ ಬಾಕಿಗೆ ಮೀಸಲಿಡುವ ಏರ್ಪಾಡು ಮಾಡಿತ್ತು. 1914ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾ ಸೈನಿಕರು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ನ್ಯೂಯಾರ್ಕಿಗೆ ಸಾಗಿಸಿದರು. 1915ರ ಜುಲೈ 28ರಂದು ಸೈನ್ಯವೇ ಬಂದಿಳಿಯಿತು. ಮರುತಿಂಗಳೇ ಸುಂಕದ ಕಚೇರಿಗಳು ವಶವಾದವು. ಸೆಪ್ಟೆಂಬರಿನ ಒಪ್ಪಂದದಲ್ಲಿ ಸುಂಕದ ಹಣ ಹಂಚುವ ಕ್ರಮವನ್ನು ನೋಡಿರಿ: ಮೊದಲು ವಸೂಲಿ ಮಾಡುವ ಅಧಿಕಾರಿಗಳ ಸಂಬಳ, ಆಮೇಲೆ ಸಾಲದ ಬಡ್ಡಿ ಮತ್ತು ಅಸಲು, ಆಮೇಲೆ ಅಮೆರಿಕದ ಅಧಿಕಾರಿಗಳ ಕೈಕೆಳಗಿನ ಪೊಲೀಸು ದಳ, ಕೊನೆಗೆ ಉಳಿದರೆ ಹೈಟಿ ಸರಕಾರಕ್ಕೆ. ಶಾಲೆಗೆ, ಆಸ್ಪತ್ರೆಗೆ ದೊರೆಯಬೇಕಾದುದು ಈ ಕೊನೆಯ ಪಾಲಿನಿಂದ. ಸೈನ್ಯ 1934ರಲ್ಲಿ ಹಿಂತೆರಳಿದರೂ ಹಣಕಾಸಿನ ಮೇಲ್ವಿಚಾರಣೆ 1947ರವರೆಗೆ ನಡೆಯಿತು.

1825ರಲ್ಲಿ ಮಾರುವವನಿಗೆ ಅನುಕೂಲವಾಗಲೆಂದು ಸುಂಕ ಇಳಿಯಿತು, 1915ರಲ್ಲಿ ಸಾಲ ಕೊಟ್ಟವನಿಗಾಗಿ ಅದನ್ನು ಬಿಗಿಯಾಗಿ ವಸೂಲು ಮಾಡಲಾಯಿತು. 1995ರಲ್ಲಿ ಮತ್ತೆ ಇಳಿಸುವ ಸರದಿ. ಅಂತರರಾಷ್ಟ್ರೀಯ ಸಾಲದಾತರ ಒತ್ತಾಯದಿಂದ ಅಕ್ಕಿಯ ಆಮದು ಸುಂಕ ಶೇ. 3ಕ್ಕೆ ಬಂದಿತು. ಅದಕ್ಕೆ ಮೊದಲು ಇದರ ಹತ್ತು ಪಟ್ಟಿಗಿಂತಲೂ ಹೆಚ್ಚಿತ್ತು. ಸಹಾಯಧನದ ಬಲವಿದ್ದ ಅಮೆರಿಕದ ಅಕ್ಕಿ ಅಗ್ಗವಾಗಿ ಬಂದು ಬಿದ್ದಾಗ, ಆರ್ತಿಬೊನೀತ್ ನದಿಯ ಬಯಲಿನಲ್ಲಿ ಭತ್ತ ಬೆಳೆಯುತ್ತಿದ್ದವರು ಅದರೆದುರು ನಿಲ್ಲಲಾರದೆ ಹೋದರು. 2010ರ ಭೂಕಂಪದ ಬಳಿಕ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ನರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಆ ನೀತಿ ತಮ್ಮ ಅರ್ಕಾನ್ಸಾಸ್ ರಾಜ್ಯದ ಕೆಲವು ರೈತರಿಗೆ ಲಾಭವಾಗಿರಬಹುದು, ಆದರೆ ಅದು ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಅಧಿಕಾರದಲ್ಲಿದ್ದವರೊಬ್ಬರು ಇಷ್ಟು ನೇರವಾಗಿ ನುಡಿದುದು ಮೆಚ್ಚತಕ್ಕ ಮಾತೇ. ಆದರೆ ಬತ್ತಿದ ಗದ್ದೆಗೆ ಅದರಿಂದ ನೀರು ಬರಲಿಲ್ಲ.

ಫ್ರಾನ್ಸಿಗೆ ತೆತ್ತ ಹಣವನ್ನು ಹಿಂದಿರುಗಿಸಬೇಕೆಂದು ಅಧ್ಯಕ್ಷ ಅರಿಸ್ಟೀಡ್ 2003ರಲ್ಲಿ ಕೇಳಿದ್ದರು. ಮರುವರ್ಷವೇ ಅವರು ಪದಚ್ಯುತರಾದರು. ಚಾರ್ಲ್ಸ್ ದೊರೆಯ ಆಜ್ಞೆಗೆ ಸರಿಯಾಗಿ ಇನ್ನೂರು ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರಾನ್ಸಿನ ಅಧ್ಯಕ್ಷ ಮಾಕ್ರೋನ್, ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗವೊಂದು ಈ ಲೆಕ್ಕವನ್ನು ಪರಿಶೀಲಿಸುವುದೆಂದು ಘೋಷಿಸಿದರು. ಹಣವನ್ನು ಹಿಂದಿರುಗಿಸುವ ಮಾತನ್ನು ಅಂದು ಅವರು ಆಡಲಿಲ್ಲ.